ಸಂಶೋಧನಾ ಕೇಂದ್ರದ ಸಿಬ್ಬಂದಿಗೆ ಭದ್ರತಾ ತರಬೇತಿ: ಕಲಬುರಗಿಯ ಎರಡು ದಿನಗಳ ಶಿಬಿರದ ವಿಮರ್ಶೆ

ಬೀದರ್ ಹೊರವಲಯದ ಔಷಧ ಸಂಶೋಧನಾ ಪ್ರಯೋಗಾಲಯವೊಂದರಲ್ಲಿ ದಾಸ್ತಾನು ಮತ್ತು ದಾಖಲೆಗಳ ಹೊಣೆ ಹೊತ್ತು ನನಗೆ ಹನ್ನೊಂದು ವರ್ಷಗಳಾದವು. ಕಳೆದ ತಿಂಗಳು ನಮ್ಮ ಪ್ರಯೋಗಾಲಯವು ಹದಿನಾಲ್ಕು ಮಂದಿ ಸಿಬ್ಬಂದಿಯನ್ನು ಕಲಬುರಗಿಯ ಖಾಸಗಿ ಸಂಸ್ಥೆಯೊಂದು ನಡೆಸುವ ಎರಡು ದಿನಗಳ ಭದ್ರತಾ ತರಬೇತಿಗೆ ಕಳುಹಿಸಿತು. ಅವರಲ್ಲಿ ನಾನೂ ಒಬ್ಬ. ಇಂಥ ತರಬೇತಿಗೆ ಹಣ ಕೊಡಬೇಕೋ ಬೇಡವೋ ಎಂದು ನಮ್ಮ ಭಾಗದ ಬೇರೆ ಪ್ರಯೋಗಾಲಯಗಳ ಕೆಲವರು ಕೇಳಿದ್ದರಿಂದ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಮೊದಲ ದಿನದ ಪಾಠ ಕೊಟ್ಟ ಹಣಕ್ಕಿಂತ ಹೆಚ್ಚು ಬೆಲೆಯದು, ಎರಡನೆಯ ದಿನದ ಪಾಠವನ್ನು ಅವರು ತಿದ್ದಿ ಬರೆಯಬೇಕು.

ವ್ಯವಸ್ಥೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ತೆರೆದ ಮೇಲೆ ನಮಗೆ ಪ್ರಯಾಣ ಕಷ್ಟವಲ್ಲ, ಸಭಾಂಗಣ ಸ್ವಚ್ಛವಾಗಿತ್ತು, ಮಧ್ಯಾಹ್ನದ ಜೋಳದ ರೊಟ್ಟಿ, ಎಣ್ಣೆಗಾಯಿ ಬಿಸಿಯಾಗಿದ್ದವು.

ಭದ್ರತೆ ಎಂದರೆ ಗೇಟಿನಲ್ಲಿ ನಿಂತ ಕಾವಲುಗಾರನ ಕೆಲಸ ಎಂದು ನಮ್ಮಲ್ಲಿ ಬಹುತೇಕರು ತಿಳಿದಿದ್ದಾರೆ. ವಾಯುಪಡೆಯ ನೆಲೆ ಇರುವ ಬೀದರಿನಲ್ಲಿ ಬೆಳೆದವರಿಗೆ ಎತ್ತರದ ಗೋಡೆ, ಮುಳ್ಳುತಂತಿ, ಶಸ್ತ್ರಧಾರಿ ಪಹರೆ ಇವೇ ಭದ್ರತೆಯ ಚಿತ್ರಗಳಾಗಿರುವುದು ಸಹಜವೇ. ತರಬೇತುದಾರರು ಈ ತಿಳಿವಳಿಕೆಯನ್ನು ಭಾಷಣದಿಂದ ತಿದ್ದಲು ಹೋಗಲಿಲ್ಲ. ಊಟ ಮುಗಿಸಿ ನಾವು ಕಾರ್ಡ್ ತೋರಿಸಿ ಒಳಗೆ ಬರುತ್ತಿದ್ದಾಗ, ಎರಡೂ ಕೈಗಳಲ್ಲಿ ದೊಡ್ಡ ರಟ್ಟಿನ ಡಬ್ಬಿ ಹಿಡಿದ ಹೆಣ್ಣುಮಗಳೊಬ್ಬಳು ಹಿಂದೆಯೇ ಬಂದು, "ಅಣ್ಣಾರ, ಕೈ ಖಾಲಿ ಇಲ್ಲ, ಜರಾ ಬಾಗ್ಲ ಹಿಡೀರಿ" ಎಂದಳು. ನಮ್ಮಲ್ಲಿ ಮೂವರು ಬಾಗಿಲು ಹಿಡಿದೆವು, ನಾಲ್ಕನೆಯವರು ಡಬ್ಬಿಗೆ ಕೈ ಕೊಟ್ಟರು. ಆಕೆ ಒಳಗೆ ಬಂದು, ನಾವು ಮೇಜಿನ ಮೇಲೆ ಬಿಟ್ಟು ಹೋಗಿದ್ದ ಲಾಗ್ ಬುಕ್ಕನ್ನು ಎತ್ತಿಕೊಂಡು ಹೊರಟೇಹೋದಳು. ಆಕೆ ತರಬೇತಿ ಸಂಸ್ಥೆಯವಳೇ. ಬೆನ್ನಿಗೆ ಅಂಟಿಕೊಂಡು ಒಳಬರುವುದು ಬೀಗ ಒಡೆಯುವುದಕ್ಕಿಂತ ಎಷ್ಟು ಸುಲಭ ಎಂಬುದು ಅರ್ಧ ನಿಮಿಷದಲ್ಲಿ ಎಲ್ಲರಿಗೂ ಅರ್ಥವಾಯಿತು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ಅನಂತರದ ಮಾತು. ಕೈತುಂಬ ಹೊರೆ ಇದ್ದವರಿಗೆ ಬಾಗಿಲು ಹಿಡಿಯಬೇಡಿ ಎಂದು ನಮ್ಮ ಸೀಮೆಯ ಜನರಿಗೆ ಹೇಳಿದರೆ ಅದು ಪಾಲನೆಯಾಗುವುದಿಲ್ಲ. ಹಾಗೆ ಮಾಡುವುದನ್ನು ನಮ್ಮವರು ಒರಟುತನವೆಂದೇ ಭಾವಿಸುತ್ತಾರೆ. ಆದ್ದರಿಂದ ಅವರು ಒಂದು ವಾಕ್ಯವನ್ನು ಬಾಯಿಪಾಠ ಮಾಡಿಸಿದರು: "ಡಬ್ಬಿ ನಾ ಹಿಡಕೋತೀನ್ರೀ, ನೀವು ನಿಮ್ಮ ಕಾರ್ಡ್ ತೋರಸ್ರೀ." ಸಹಾಯವೂ ಆಯಿತು, ನಿಯಮವೂ ಉಳಿಯಿತು. ಹಿರಿಯ ವಿಜ್ಞಾನಿಯೇ ಕಾರ್ಡ್ ಇಲ್ಲದೆ ಬಂದಾಗ ಗುತ್ತಿಗೆಯ ಹುಡುಗನೊಬ್ಬ ಈ ಮಾತನ್ನು ಹೇಗೆ ಹೇಳಬೇಕು ಎಂಬುದನ್ನೂ ಜೋಡಿ ಜೋಡಿಯಾಗಿ ನಿಲ್ಲಿಸಿ ಅಭ್ಯಾಸ ಮಾಡಿಸಿದರು. ಇಂಥ ಅಭ್ಯಾಸವನ್ನು ನಾನು ಬೇರೆಲ್ಲೂ ಕಂಡಿರಲಿಲ್ಲ.

ದಾಸ್ತಾನಿನ ಪಾಠ ನನ್ನ ಕೆಲಸಕ್ಕೇ ಸೇರಿದ್ದಾದ್ದರಿಂದ ಅದನ್ನು ತುಸು ಕಟ್ಟುನಿಟ್ಟಾಗಿಯೇ ಅಳೆದೆ. ಅಸಿಟಿಕ್ ಅನ್‌ಹೈಡ್ರೈಡ್ ಎಂಬ ದ್ರವವನ್ನು ಅವರು ಉದಾಹರಣೆಯಾಗಿ ತೆಗೆದುಕೊಂಡರು. ಆಸ್ಪಿರಿನ್, ಪ್ಯಾರಾಸಿಟಮಾಲ್ ತಯಾರಿಕೆಯಲ್ಲಿ ಬಳಸುವ ಅದೇ ದ್ರವ ಹೆರಾಯಿನ್ ತಯಾರಿಸುವವರಿಗೂ ಬೇಕಾಗುವುದರಿಂದ, 1985ರ ಮಾದಕ ವಸ್ತುಗಳ ಕಾಯ್ದೆಯಡಿ ಬಂದ 2013ರ ಆದೇಶವು ಅದರ ಮೇಲೆ ನಿಯಂತ್ರಣ ಹೇರಿದೆ. ಹಾಗಿರುವಾಗ ಒಂದು ಬಾಟಲಿಯ ಲೆಕ್ಕ ತಪ್ಪಿದರೆ, "ಚೆಲ್ಲಿರಬೇಕು" ಎಂದು ಬರೆದು ರಿಜಿಸ್ಟರ್ ಮುಚ್ಚುವ ಅಧಿಕಾರ ಯಾರಿಗೂ ಇಲ್ಲ. ಚೆಲ್ಲಿದ್ದರೆ ಯಾರು, ಯಾವಾಗ, ಎಷ್ಟು ಚೆಲ್ಲಿದರು ಎಂಬುದನ್ನು ಅದೇ ಶಿಫ್ಟಿನಲ್ಲಿ, ಕಂಡವರ ಸಹಿಯೊಂದಿಗೆ ಬರೆಯಬೇಕು. ಬಾಟಲಿ ಕೊಟ್ಟವರು ಮತ್ತು ಪಡೆದವರು ಒಬ್ಬರೇ ಆಗಿರಬಾರದು. ವಾರದ ಕೊನೆಗೆ ಲೆಕ್ಕ ಹಿಡಿಯುವವರು ಇವರಿಬ್ಬರೂ ಅಲ್ಲದ ಮೂರನೆಯವರಾಗಿರಬೇಕು. ಇವು ಹೊಸ ಮಾತುಗಳಲ್ಲ. ಆದರೂ ನಮ್ಮಲ್ಲಿ ಸಂಜೆ ಬಸ್ಸು ಹಿಡಿಯುವ ಅವಸರದಲ್ಲಿ ಇಂಡೆಂಟಿಗೆ (ಸ್ಟೋರಿನಿಂದ ಸಾಮಾನು ಪಡೆಯುವ ಬೇಡಿಕೆ ಚೀಟಿಗೆ) ಮರುದಿನ ಸಹಿ ಹಾಕುವ ರೂಢಿ ಇತ್ತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮರಳಿ ಬಂದ ವಾರದಲ್ಲೇ ಅದನ್ನು ನಿಲ್ಲಿಸಿದ್ದೇವೆ.

ದೆಹಲಿಯ ಮಾಯಾಪುರಿಯ ಪ್ರಕರಣವನ್ನು ಅವರು ಹೇಳಿದ ರೀತಿ ಇನ್ನೂ ಮನಸ್ಸಿನಲ್ಲಿದೆ. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಗಾಮಾ ವಿಕಿರಣ ಯಂತ್ರವೊಂದು 2010ರಲ್ಲಿ ಗುಜರಿ ಸಾಮಾನಿನೊಂದಿಗೆ ಹರಾಜಾಯಿತು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣಶೀಲ ವಸ್ತು ಇತ್ತು. ಗುಜರಿ ಅಂಗಡಿಯಲ್ಲಿ ಅದನ್ನು ಬಿಚ್ಚಿದ ಬಡ ಕೂಲಿಕಾರರಿಗೆ ಅದೇನೆಂದು ಗೊತ್ತಿರಲಿಲ್ಲ. ಹಲವರು ವಿಕಿರಣದಿಂದ ಆಸ್ಪತ್ರೆ ಸೇರಿದರು, ಒಬ್ಬರು ಪ್ರಾಣ ಕಳೆದುಕೊಂಡರು. ಅಲ್ಲಿ ಕಳ್ಳನೂ ಇರಲಿಲ್ಲ, ಶತ್ರುವೂ ಇರಲಿಲ್ಲ. ಕೋಣೆಯ ಮೂಲೆಯಲ್ಲಿರುವ ಹಳೆಯ ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿದು, ಅದನ್ನು ಹೊರಗೆ ಬಿಡದಂತೆ ತಡೆಯಬೇಕಾದ ಕೊಂಡಿ ಕಳಚಿತ್ತು ಅಷ್ಟೆ. ಈ ಪಾಠದ ನಂತರ ನಮ್ಮ ಸ್ಟೋರಿನ ಹಿಂಬದಿಯ, ಹೆಸರಿನ ಚೀಟಿ ಕಳಚಿಹೋದ ಆರು ಡಬ್ಬಿಗಳು ನೆನಪಾಗಿ ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಯಾರಾದರೂ ನಿವೃತ್ತರಾಗುವಾಗ ಅಥವಾ ವರ್ಗವಾಗುವಾಗ ಕೀಲಿಕೈ, ಕಾರ್ಡ್ ಮರಳಿ ಪಡೆದರೆ ಸಾಲದು, ಅವರಿಗೆ ಮಾತ್ರ ಗೊತ್ತಿರುವ ಸಂಗತಿಗಳನ್ನೂ ಬರೆಸಿಕೊಳ್ಳಬೇಕು ಎಂಬ ಅವರ ಸೂಚನೆ ಬಹಳ ದೊಡ್ಡದು.

ಎರಡನೆಯ ದಿನ ಶಿಬಿರದ ದಾರಿ ತಪ್ಪಿತು. ಒಳಗಿನವರಿಂದಲೇ ಬರುವ ಅಪಾಯದ ಕುರಿತು ಮಾತನಾಡುತ್ತ, 2001ರಲ್ಲಿ ಅಮೆರಿಕದಲ್ಲಿ ಅಂಚೆಯ ಮೂಲಕ ಆಂಥ್ರಾಕ್ಸ್ ಎಂಬ ಮಾರಕ ರೋಗದ ರೋಗಾಣುಗಳನ್ನು ಕಳುಹಿಸಿ ಐವರ ಸಾವಿಗೆ ಕಾರಣವಾದ ಪ್ರಕರಣವನ್ನು ಎತ್ತಿಕೊಂಡರು. ಸೇನಾ ಪ್ರಯೋಗಾಲಯದ ವಿಜ್ಞಾನಿಯೊಬ್ಬನೇ ಅದನ್ನು ಮಾಡಿದ ಎಂದು ಸಾಬೀತಾದಂತೆ ಹೇಳಿದರು. ತನಿಖಾ ಸಂಸ್ಥೆ ಹಾಗೆ ತೀರ್ಮಾನಿಸಿದ್ದು ನಿಜ. ಆದರೆ ಆ ವಿಜ್ಞಾನಿ 2008ರಲ್ಲಿ, ಆರೋಪಪಟ್ಟಿಗೂ ಮೊದಲೇ ತೀರಿಕೊಂಡದ್ದರಿಂದ ಅದು ನ್ಯಾಯಾಲಯದ ಪರೀಕ್ಷೆಗೆ ಒಳಗಾಗಲೇ ಇಲ್ಲ. ವೈಜ್ಞಾನಿಕ ಸಾಕ್ಷ್ಯವೊಂದರಿಂದಲೇ ಮೂಲವನ್ನು ಖಚಿತವಾಗಿ ಹೇಳಲಾಗದು ಎಂದು ಅಲ್ಲಿನ ವಿಜ್ಞಾನ ಅಕಾಡೆಮಿಯ ಸಮಿತಿ 2011ರಲ್ಲಿ ವರದಿ ಕೊಟ್ಟಿದೆ. ಇದನ್ನು ಬಿಟ್ಟು ಹೇಳಿದ ಪಾಠದಿಂದ, ಪಕ್ಕದಲ್ಲಿ ಕುಳಿತವರ ಮೇಲೆ ಕಣ್ಣಿಡಬೇಕು ಎಂಬ ಭಾವನೆಯಷ್ಟೇ ನಮ್ಮ ಕಿರಿಯರಲ್ಲಿ ಉಳಿಯಿತು. ಸಹೋದ್ಯೋಗಿಯೊಬ್ಬರು ಸಾಲದಲ್ಲಿ ಸಿಕ್ಕಿದ್ದರೆ, ಮನೆಯ ದುಃಖದಲ್ಲಿ ಮಾತು ಕಡಿಮೆ ಮಾಡಿದ್ದರೆ, ಮೊದಲು ಅವರ ಹತ್ತಿರ ಕುಳಿತು ವಿಚಾರಿಸುವುದು ನಮ್ಮ ಕರ್ತವ್ಯ. ಅಪವೇಳೆಯಲ್ಲಿ ಸ್ಟೋರಿಗೆ ಹೋಗುವುದು, ಬೇರೆಯವರ ಪಾಸ್‌ವರ್ಡ್ ಕೇಳುವುದು ಇಂಥ ಕೃತ್ಯಗಳನ್ನು ಕಂಡರೆ ತಿಳಿಸುವುದೂ ಕರ್ತವ್ಯವೇ. ಇವೆರಡರ ನಡುವಿನ ಗೆರೆಯನ್ನು ಅವರು ಎಳೆದು ತೋರಿಸಬೇಕಿತ್ತು.

ಕಂಪ್ಯೂಟರ್ ಭದ್ರತೆಯ ಭಾಗ ಅವಸರದಲ್ಲಿ ಮುಗಿಯಿತು. ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಕಂಪ್ಯೂಟರೊಂದರಲ್ಲಿ ದುರುದ್ದೇಶದ ತಂತ್ರಾಂಶ ಪತ್ತೆಯಾದದ್ದನ್ನು 2019ರಲ್ಲಿ ಅಣುವಿದ್ಯುತ್ ನಿಗಮವೇ ಒಪ್ಪಿಕೊಂಡಿತ್ತು. ಸ್ಥಾವರ ನಡೆಸುವ ಜಾಲ ಅದರಿಂದ ಪ್ರತ್ಯೇಕವಾಗಿತ್ತು. ಎರಡು ಜಾಲಗಳನ್ನು ಬೇರೆ ಇಡುವುದೇಕೆ, ಮನೆಯ ಪೆನ್‌ಡ್ರೈವ್ ಆ ಅಂತರವನ್ನು ಹೇಗೆ ಅಳಿಸಿಹಾಕುತ್ತದೆ ಎಂದು ವಿವರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಶಿಬಿರದಲ್ಲಿ ಅದು ಪರದೆಯ ಮೇಲಿನ ಒಂದೇ ಚಿತ್ರದಲ್ಲಿ ಸರಿದುಹೋಯಿತು. ಸೈಬರ್ ಘಟನೆಗಳನ್ನು ಆರು ಗಂಟೆಗಳೊಳಗೆ ವರದಿ ಮಾಡಬೇಕೆಂಬ ಸರ್ಟ್-ಇನ್ (ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಹೊರಡಿಸಿದ 2022ರ ನಿರ್ದೇಶನದ ಪ್ರಸ್ತಾಪವೇ ಬರಲಿಲ್ಲ. ತಪ್ಪು ಲಿಂಕ್ ಒತ್ತಿದ ಹುಡುಗ ಬೈಗುಳಕ್ಕೆ ಹೆದರಿ ಸಂಜೆಯವರೆಗೆ ಬಾಯಿ ಬಿಡದಿದ್ದರೆ ಆ ಆರು ಗಂಟೆಗಳು ಎಲ್ಲಿ ಉಳಿಯುತ್ತವೆ? ತಪ್ಪನ್ನು ತಕ್ಷಣ ಹೇಳಿದವರಿಗೆ ಶಿಕ್ಷೆಯಿಲ್ಲ ಎಂಬ ಭರವಸೆಯನ್ನು ಆಡಳಿತ ಬರೆದು ಕೊಡದಿದ್ದರೆ ಸಿಬ್ಬಂದಿಯ ಹೊಣೆಗಾರಿಕೆಯ ಮಾತೆಲ್ಲ ಅರ್ಧಕ್ಕೇ ನಿಲ್ಲುತ್ತದೆ. ಇದನ್ನು ನಾನು ಎದ್ದು ನಿಂತು ಕೇಳಿದೆ. ಅದು ನಿಮ್ಮ ಸಂಸ್ಥೆಗೆ ಬಿಟ್ಟದ್ದು ಎಂಬ ಉತ್ತರ ಬಂತು.

ನನ್ನ ದೊಡ್ಡ ತಕರಾರು ಭಾಷೆಯ ವಿಷಯದಲ್ಲಿ. ಮಾತು ಕನ್ನಡದಲ್ಲಿತ್ತು, ಕೈಗೆ ಕೊಟ್ಟ ಪುಸ್ತಿಕೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ಕೋಣೆ ಗುಡಿಸುವ ಅಕ್ಕಂದಿರು, ರಾತ್ರಿ ಪಾಳಿಯ ಕಾವಲುಗಾರರು, ಸಾಮಾನು ಇಳಿಸುವ ಹಮಾಲರು ಎಲ್ಲ ಬಾಗಿಲುಗಳ ಬಳಿಯೂ ಓಡಾಡುವವರು. ತೆರೆದು ಬಿಟ್ಟ ಕಪಾಟು, ಗುರುತಿಲ್ಲದ ಚೀಲ ಮೊದಲು ಕಣ್ಣಿಗೆ ಬೀಳುವುದು ಅವರಿಗೇ. ಅವರು ಓದಲಾಗದ ಪುಸ್ತಿಕೆಯ ಕೊನೆಯಲ್ಲಿ "ಓದಿ ಅರ್ಥಮಾಡಿಕೊಂಡಿದ್ದೇನೆ" ಎಂಬ ಸಾಲಿನ ಕೆಳಗೆ ಅವರ ಸಹಿ ಪಡೆಯುವುದು ನ್ಯಾಯವಲ್ಲ. ನಮ್ಮ ತಂಡದ ಇಬ್ಬರು ಅಕ್ಕಂದಿರ ಪುಟಕ್ಕೆ ಸಹಿ ಹಾಕಿಸದಂತೆ ನಾನೇ ತಡೆದೆ.

ತರಬೇತಿಗೆ ಕಳುಹಿಸುವುದಾದರೆ ವಿಜ್ಞಾನಿಗಳನ್ನಷ್ಟೇ ಕಳುಹಿಸದೆ ಸ್ಟೋರ್, ಸ್ವಚ್ಛತೆ ಮತ್ತು ಗೇಟಿನವರನ್ನೂ ಒಂದೇ ತಂಡದಲ್ಲಿ ಕಳುಹಿಸಿ. ಬಾಗಿಲಿನ ಅಭ್ಯಾಸ ಅವರೆಲ್ಲ ಕೂಡಿದಾಗಲೇ ಫಲ ಕೊಡುತ್ತದೆ. ಮೊದಲ ದಿನವನ್ನು ಮಾತ್ರ ಪ್ರತ್ಯೇಕವಾಗಿ ಪಡೆಯಲು ಸಾಧ್ಯವೇ ಎಂದು ಕೇಳಿ ನೋಡಿ. ಪುಸ್ತಿಕೆಯ ವಿಷಯವಾಗಿ ನಾನು ಸಂಸ್ಥೆಗೆ ಪತ್ರ ಬರೆದೆ. ಕನ್ನಡದ ಪ್ರತಿಯನ್ನು ಮುದ್ರಿಸಲು ಒಪ್ಪಿದ್ದಾರೆ, ಆದರೆ ಪ್ರಯೋಗಾಲಯದ ಪದಗಳಿಗೆ ನಮ್ಮ ನೆರವು ಕೇಳಿದ್ದಾರೆ. ಮೊದಲ ಹನ್ನೆರಡು ಪುಟಗಳನ್ನು ನಾನು ಬರೆದು, ಆ ಇಬ್ಬರು ಅಕ್ಕಂದಿರಿಗೆ ಓದಿ ಹೇಳಿ, ಅವರಿಗೆ ತಿಳಿಯದ ಪದಗಳನ್ನು ಗುರುತು ಹಾಕಿಕೊಳ್ಳುತ್ತಿದ್ದೇನೆ.