ಜಾಂಗೋ ಜೊತೆ ಐದು ಮಳೆಗಾಲ: ಒಂದು ಕಾಮಾ ತಂದ ಫಜೀತಿ

"ಇವ ನಮ್ಮ ತೋಟಕ್ಕೆ ಔಷಧಿ ಹೊಡೆದಿದ್ದು ಯಾವಾಗ ಮಾರಾಯ?" ಪಟ್ಟಿ ನೋಡುತ್ತಾ ಅಪ್ಪಯ್ಯ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ಅಡಿಕೆ ತೋಟ. ಅಕ್ಕಪಕ್ಕದ ನಾಲ್ಕು ಮನೆಗೂ ಅದೇ ಆಳುಗಳು. ಒಬ್ಬ ಆಳು ಹಲವು ತೋಟಕ್ಕೆ, ಒಂದು ತೋಟಕ್ಕೆ ಹಲವು ಆಳು. ಡೇಟಾಬೇಸಿನ ಭಾಷೆಯಲ್ಲಿ ಮೆನಿ-ಟು-ಮೆನಿ ಅಂದರೆ ಇದೇ ಅಲ್ವಾ? ಈ ಲೆಕ್ಕ ಇಡಲು ಹಳೆಯ ಲ್ಯಾಪ್‌ಟಾಪಿನಲ್ಲಿ ಜಾಂಗೋ ಹಾಕಿಕೊಂಡೆ. ಪೈಥಾನ್ ಭಾಷೆಯಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟು ಅದು. ಕಾಸು ಖರ್ಚಿಲ್ಲ, ನನಗೆ ಅಷ್ಟು ಸಾಕಿತ್ತು.

ಸಂಜೆ ಕಾಫಿ ಆದಮೇಲೆ ಅಪ್ಪಯ್ಯ ಜಗಲಿಗೆ ಬಂದು ಜೇಬಿನ ಚೀಟಿ ಬಿಚ್ಚುತ್ತಾರೆ. ಬೆರಳಿನ ತುಂಬಾ ಅಡಿಕೆ ಚೊಗರು. "ಕೆಳಗಿನ ತೋಟ, ಕೊನೆ ತೆಗೆದಿದ್ದು, ಇಬ್ಬರು" ಅನ್ನುತ್ತಾರೆ. ನಾನು ಮಾಹಿತಿ ತುಂಬುವ ಅಡ್ಮಿನ್ ಪುಟದಲ್ಲಿ ಹೆಸರು ಆರಿಸಿ ಸೇವ್ ಒತ್ತುತ್ತೇನೆ. ಕರೆಂಟು ಹೋಗುವುದರೊಳಗೆ ಮುಗಿದರೆ ಗೆದ್ದೆವು. ಆ ಅಡ್ಮಿನ್ ಪುಟಕ್ಕೆ ನಾನು ಹೆಚ್ಚುಕಡಿಮೆ ಏನೂ ಬರೆದಿಲ್ಲ, ಜಾಂಗೋ ಕೊಟ್ಟಿದ್ದೇ ಅದು. ಆಳು ಮತ್ತು ತೋಟದ ನಡುವೆ 'ಕೆಲಸ' ಅನ್ನೋ ಥ್ರೂ ಟೇಬಲ್, ಅಂದರೆ ಎರಡನ್ನೂ ಜೋಡಿಸುವ ನಡುವಿನ ಪಟ್ಟಿ, ಇದೆ. ದಿನಾಂಕ, ಕೆಲಸದ ಬಗೆ, ಕೂಲಿ ಎಲ್ಲಾ ಅದರಲ್ಲಿ. ಮಾಹಿತಿ ಹುಡುಕುವಾಗ ಹೆಸರುಗಳ ನಡುವೆ ಎರಡು ಅಂಡರ್‌ಸ್ಕೋರ್ ಹಾಕಿದರೆ ಆಳಿನಿಂದ ಕೆಲಸಕ್ಕೆ, ಕೆಲಸದಿಂದ ತೋಟಕ್ಕೆ ದಾಟಬಹುದು. ಟೇಬಲ್ಲುಗಳನ್ನು ಜೋಡಿಸುವ ಜಾಯಿನ್ ಅನ್ನೋ ಪದವನ್ನೇ ಬರೆಯಬೇಕಿಲ್ಲ.

ಈಗ ಫಜೀತಿಗೆ ಬರೋಣ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಕೊಳೆರೋಗದ ಔಷಧಿ ಹೊಡೆದವರಿಗೆ ದೀಪಾವಳಿಗೆ ಪಂಚೆ ಕೊಡುವುದು ನಮ್ಮ ಮನೆಯ ರೂಢಿ. ಆ ಪಟ್ಟಿ ತೆಗೆಯಲು ಮೊದಲೊಂದು ಫಿಲ್ಟರ್ (ಷರತ್ತಿಗೆ ಹೊಂದುವವರನ್ನು ಮಾತ್ರ ಆರಿಸೋದು): ಕೆಲಸದ ತೋಟ ನಮ್ಮದು. ಅದರ ಬೆನ್ನಿಗೆ ಇನ್ನೊಂದು ಫಿಲ್ಟರ್: ಕೆಲಸದ ಬಗೆ ಔಷಧಿ. ಹೀಗೆ ಬರೆದಿದ್ದೆ. ಓದಿದರೆ ಸರಿಯಾಗೇ ಕಾಣುತ್ತದೆ. ಆದರೆ ಎರಡನೇ ಫಿಲ್ಟರ್ 'ಕೆಲಸ' ಟೇಬಲ್ಲಿಗೆ ಹೊಸದಾಗಿ ಇನ್ನೊಂದು ಜಾಯಿನ್ ಹಾಕುತ್ತದೆ. ಅಂದರೆ ಎರಡು ಷರತ್ತು ಬೇರೆ ಬೇರೆ ಸಾಲಿನಲ್ಲಿ ಹೊಂದಿದರೂ ಸಾಕು. ನಮ್ಮಲ್ಲಿ ಬರೀ ಕೊನೆ ತೆಗೆದು, ಪಕ್ಕದ ಮನೆಯಲ್ಲಿ ಔಷಧಿ ಹೊಡೆದವನೂ ಪಟ್ಟಿಗೆ ಬಂದಿದ್ದು ಹಾಗೆ. ಎರಡೂ ಷರತ್ತನ್ನು ಒಂದೇ ಫಿಲ್ಟರ್ ಒಳಗೆ ಕಾಮಾ ಹಾಕಿ ಬರೆದರೆ ಮಾತ್ರ ಎರಡೂ ಒಂದೇ ಸಾಲಿಗೆ ಅನ್ವಯ. ಸಾಲದ್ದಕ್ಕೆ ಒಂಬತ್ತು ದಿನ ಬಂದವನ ಹೆಸರು ಒಂಬತ್ತು ಸಲ ಬಂದಿತ್ತು. ಅದಕ್ಕೆ ಒಂದು ಹೆಸರು ಒಂದೇ ಸಲ ಬರುವಂತೆ ಮಾಡುವ ಡಿಸ್ಟಿಂಕ್ಟ್ ಹಾಕಿದೆ, ಮುಗೀತು.

ಎರಡು ದಿನ ಜಾಂಗೋಗೆ ಬೈದೆ. ಆಮೇಲೆ ಕೈಪಿಡಿ ತೆಗೆದರೆ ಇದನ್ನೆಲ್ಲಾ ಉದಾಹರಣೆ ಸಮೇತ ಬರೆದಿಟ್ಟಿದ್ದಾರೆ. ಓದದವನು ನಾನು. ಮುಂದಿನ ವಾರವೇ ಆ ಬೆನ್ನಿಗೆ ಬೆನ್ನಿನ ಫಿಲ್ಟರ್ ಬೇಕಾಯಿತು. ಮೇಲಿನ ತೋಟ, ಕೆಳಗಿನ ತೋಟ ಎರಡಕ್ಕೂ ಹೋದವರು ಯಾರು? ಒಂದು ಸಾಲಿನಲ್ಲಿ ಒಂದೇ ತೋಟ ಇರುತ್ತದೆ, ಹಾಗಾಗಿ ಎರಡು ಜಾಯಿನ್ ಬೇಕೇ ಬೇಕು. ಅಲ್ಲಿಗೆ ಸಿಟ್ಟು ಇಳಿಯಿತು.

ಷರತ್ತಿಗೆ ಹೊಂದುವವರನ್ನು ಕೈಬಿಡುವ ಎಕ್ಸ್‌ಕ್ಲೂಡ್ ಮೇಲೆ ಮಾತ್ರ ಸಿಟ್ಟು ಇನ್ನೂ ಇಳಿದಿಲ್ಲ. ಅಲ್ಲಿ ಕಾಮಾ ಹಾಕಿದರೂ ಎರಡು ಷರತ್ತು ಒಂದೇ ಸಾಲಿಗೆ ಅಂತ ಇಲ್ಲ! ಬೇಕಾದ ಕೆಲಸದ ಸಾಲುಗಳನ್ನು ಮೊದಲು ಬೇರೆ ಫಿಲ್ಟರ್ ಮಾಡಿ, ಅವುಗಳಲ್ಲಿ ಇರುವವರನ್ನು ಬಿಡು ಅಂತ ಹೇಳಬೇಕು. ಪ್ರತಿ ಸಲ ಮರೆಯುತ್ತೇನೆ.

ಪುಟ ನಿಧಾನ ಅನ್ನುವವರಿಗೆ ಒಂದು ಮಾತು: ಪ್ರಿಫೆಚ್ ರಿಲೇಟೆಡ್ ಬಳಸಿ, ಸಂಬಂಧಿಸಿದ ಸಾಲುಗಳನ್ನೆಲ್ಲಾ ಒಟ್ಟಿಗೇ ತರುತ್ತದೆ. 40 ಆಳುಗಳ ತೋಟ ತೋರಿಸಲು ಡೇಟಾಬೇಸಿಗೆ 41 ಕ್ವೆರಿ (ಪ್ರಶ್ನೆ) ಓಡುತ್ತಿತ್ತು, ಈಗ ಎರಡು.

ಈ ವರ್ಷ ಅಡಿಕೆ ಸುಲಿಯುವ ಮುಯ್ಯಿ (ಕೆಲಸಕ್ಕೆ ಬದಲು ಕೆಲಸ) ಲೆಕ್ಕವನ್ನೂ ಸೇರಿಸಿದೆ. ಮನೆಯಿಂದ ಮನೆಗೇ ಮೆನಿ-ಟು-ಮೆನಿ. ಒಂದು ಮಾಡೆಲ್ಲನ್ನು (ಇಲ್ಲಿ 'ಮನೆ' ಟೇಬಲ್) ಅದಕ್ಕೇ ಹೀಗೆ ಜೋಡಿಸಿದರೆ, ಸಂಬಂಧ ಎರಡೂ ಕಡೆಯದು ಅಂತ ಜಾಂಗೋ ತಾನೇ ಅಂದುಕೊಳ್ಳುತ್ತದೆ. ಮೇಲಿನ ಮನೆಯವರು ನಮ್ಮಲ್ಲಿಗೆ ಬಂದರು ಅಂತ ಬರೆದರೆ, ನಾವೂ ಅವರಲ್ಲಿಗೆ ಹೋಗಿ ಮುಯ್ಯಿ ತೀರಿಸಿದ ಹಾಗೆ ತೋರಿಸಿತು. ಅಮ್ಮ ಮೆಟ್ಟುಗತ್ತಿಯಿಂದ ಏಳದೆ ಹೇಳಿದರು: "ಎಲ್ಲಿ ತೀರಿತು? ನಾವು ಇನ್ನೂ ಎರಡು ರಾತ್ರಿ ಹೋಗಬೇಕು." ಸಿಮೆಟ್ರಿಕಲ್ ಅನ್ನೋದನ್ನ ಫಾಲ್ಸ್ ಮಾಡಿದೆ.