ಹನ್ನೆರಡು ಟೀ ಶರ್ಟು, ಒಂದು ಒತ್ತಕ್ಷರ

ಅಂಗಡಿಯ ಹೆಸರು ಹಾಕುತ್ತಿಲ್ಲ. ತಪ್ಪು ಮಾಡಿದರು, ತಿದ್ದಿಯೂ ಕೊಟ್ಟರು, ಸುಮ್ನೆ ಹೆಸರು ಹಾಕಿ ಅವರ ಹೊಟ್ಟೆ ಮೇಲೆ ಹೊಡೆಯುವುದು ಯಾಕೆ. ಮುಂಬೈಯವರಿಗೆ ಜಾಗ ಹೇಳಿದರೆ ಸಾಕು: ಮೆಟ್ರೋ ಸಿನಿಮಾ ಹತ್ತಿರ ಧೋಬಿ ತಲಾವ್‌ನಲ್ಲಿ ಬ್ಯಾಟು, ಕೇರಂ ಬೋರ್ಡು, ಟ್ರೋಫಿ ಮಾರುವ ಅಂಗಡಿಗಳ ಸಾಲು ಇದೆಯಲ್ಲ, ಆ ಸುತ್ತಮುತ್ತಲಿನದೇ. ಗಲ್ಲಿ ಕ್ರಿಕೆಟ್ ತಂಡಗಳಿಗೆಲ್ಲ ಹೆಸರು, ನಂಬರು ಹಾಕಿ ಕೊಡುವವರು. ನಾವು ಹೋಗಿದ್ದು ಜರ್ಮನಿಯ ಫಾರ್ಮುಲಾ ಒನ್ ಕಾರ್ ರೇಸ್ ಚಾಲಕ ಸೆಬಾಸ್ಟಿಯನ್ ವೆಟ್ಟೆಲ್‌ಗೆ ವಿದಾಯ ಹೇಳುವ ಟೀ ಶರ್ಟು ಮಾಡಿಸಲು. ಅದೂ ಕನ್ನಡದಲ್ಲಿ.

ಹಿನ್ನೆಲೆ ಹೇಳದೆ ಈ ವಿಮರ್ಶೆ ಅರ್ಥ ಆಗುವುದಿಲ್ಲ. 2022ರ ಜುಲೈ 28. ಸೋಶಿಯಲ್ ಮೀಡಿಯಾ ಅಂದರೆ ದೂರ ಇದ್ದ ಮನುಷ್ಯ ಇದ್ದಕ್ಕಿದ್ದಂತೆ ಇನ್‌ಸ್ಟಾಗ್ರಾಂ ಅಕೌಂಟು ತೆರೆದ. ತೆರೆದದ್ದೇ ಈ ಸೀಸನ್ ಮುಗಿದ ಮೇಲೆ ನಿಲ್ಲಿಸುತ್ತೇನೆ ಅಂತ ಹೇಳಲು. ನಾನು ಆಫೀಸಿನಲ್ಲಿದ್ದೆ, ಭಾವನ ಫೋನು ಬಂತು, "ನೋಡಿದೆಯಾ ಮಾರಾಯ?" ಅಂದ ಆ ದನಿ ಕೇಳಿ ಊರಲ್ಲಿ ಯಾರೋ ತೀರಿಕೊಂಡರು ಅಂತಲೇ ಅಂದುಕೊಂಡೆ. ವಿಷಯ ಗೊತ್ತಾದ ಮೇಲೂ ಎದೆ ಅಷ್ಟೇನೂ ಹಗುರಾಗಲಿಲ್ಲ ಅನ್ನಿ.

ಭಾವನಿಗೆ ಅಷ್ಟು ತಾಗಲು ಕಾರಣ ಇದೆ. 2013ರ ಅಕ್ಟೋಬರ್ 27ರಂದು ನಾವಿಬ್ಬರೂ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟಿನಲ್ಲಿದ್ದೆವು. ಭಾರತದಲ್ಲಿ ನಡೆದದ್ದೇ ಮೂರು ಗ್ರ್ಯಾನ್ ಪ್ರಿ, ಅಂದರೆ ಫಾರ್ಮುಲಾ ಒನ್ ರೇಸು, 2011, 12, 13. ಮೂರನ್ನೂ ಗೆದ್ದವನು ವೆಟ್ಟೆಲ್. ಆ ದಿನ ಗೆದ್ದು ನಾಲ್ಕನೇ ಸಲ ವಿಶ್ವ ಚಾಂಪಿಯನ್ ಆದ. ಕಾರನ್ನು ನಿಯಮದ ಪ್ರಕಾರ ಒಳಗೆ ಒಯ್ಯದೆ ನೇರ ನಮ್ಮ ಮುಂದಿನ ಟ್ರ್ಯಾಕಿನಲ್ಲೇ ಬುಗುರಿ ಹಾಗೆ ತಿರುಗಿಸಿ, ಹೊಗೆ ಎಬ್ಬಿಸಿ, ಇಳಿದು, ಕಾರಿನ ಮುಂದೆ ಮಂಡಿಯೂರಿ ನಮಸ್ಕಾರ ಮಾಡಿದ. ತಂಡಕ್ಕೆ 25,000 ಯೂರೋ ದಂಡ ಬಿತ್ತು. ನಮ್ಮಲ್ಲಿ ಆಯುಧಪೂಜೆ ದಿನ ಬೈಕಿಗೆ ಕೈ ಮುಗಿಯುತ್ತೇವೆ, ಅವನಿಗೆ ಅದಕ್ಕೆ ದಂಡ ಅಂತ ಭಾವ ಇವತ್ತಿಗೂ ಬೈಯುತ್ತಾನೆ.

ಟೀ ಶರ್ಟೇ ಯಾಕೆ ಅಂದರೆ, ಕೊನೆಯ ಎರಡು ವರ್ಷ ಅವನು ಮಾತಾಡಿದ್ದೇ ಟೀ ಶರ್ಟಿನಲ್ಲಿ. 2021ರಲ್ಲಿ ಹಂಗೇರಿಯಲ್ಲಿ ಸಲಿಂಗಿಗಳ ಬೆಂಬಲಕ್ಕೆ ಕಾಮನಬಿಲ್ಲಿನ ಶರ್ಟು ಹಾಕಿ ರಾಷ್ಟ್ರಗೀತೆಗೆ ನಿಂತು ಎಚ್ಚರಿಕೆ ತಿಂದ. ಅದೇ ದಿನ ಎರಡನೇ ಸ್ಥಾನ ಬಂದಿತ್ತು, ಟ್ಯಾಂಕಿನಿಂದ ಪರೀಕ್ಷೆಗೆ ಒಂದು ಲೀಟರ್ ಇಂಧನ ತೆಗೆಯಲು ಆಗಲಿಲ್ಲ ಅಂತ ಅದೂ ಹೋಯಿತು. 2022ರಲ್ಲಿ ಮಯಾಮಿಗೆ ಬಂದಾಗ, ಹವಾಮಾನ ಬದಲಾವಣೆ ಹೀಗೇ ಆದರೆ 2060ಕ್ಕೆ ಇಲ್ಲಿ ನೀರಿನೊಳಗೇ ರೇಸು ಎಂಬರ್ಥದ ಶರ್ಟು. ಇಂಥವನಿಗೆ ಕೇಕ್ ಕತ್ತರಿಸಿ ಟಾಟಾ ಹೇಳಿದರೆ ಏನು ಚೆಂದ?

ಏನು ಬರೆಸುವುದು ಅಂತ ಜಗಳ ಎರಡು ಭಾನುವಾರ ನಡೆಯಿತು. ಮುಲುಂಡಿನಲ್ಲಿ ಭಾವನ ಮನೆ, ನೀರುದೋಸೆ, ಹನ್ನೆರಡು ಜನ, ಹದಿಮೂರು ಅಭಿಪ್ರಾಯ. "ಧನ್ಯವಾದ" ಸರ್ಕಾರಿ ಬೋರ್ಡಿನ ಹಾಗೆ ಕೇಳುತ್ತದೆ ಅಂತ ಬಿತ್ತು. ಚಿಕ್ಕಪ್ಪನ ಮಗ, ರೆಡ್ ಬುಲ್ ತಂಡದಲ್ಲಿ ವೆಟ್ಟೆಲ್ ಜೊತೆಗಾರನಾಗಿದ್ದ ಮಾರ್ಕ್ ವೆಬ್ಬರ್ ಅಭಿಮಾನಿ. 2013ರ ಮಲೇಷ್ಯಾ ರೇಸಿನಲ್ಲಿ, ಜಾಗ ಬದಲಿಸಬೇಡಿ ಅಂತ ತಂಡ ಹೇಳಿದ್ದರೂ ವೆಟ್ಟೆಲ್ ವೆಬ್ಬರ್‌ನನ್ನು ಹಿಂದೆ ಹಾಕಿ ಗೆದ್ದದ್ದು ಅವನ ಹೊಟ್ಟೆಯಲ್ಲಿ ಇನ್ನೂ ಉರಿಯುತ್ತಿದೆ. ಶರ್ಟಿನ ದುಡ್ಡೇ ಕೊಡುವುದಿಲ್ಲ ಅಂದ. ಇನ್ನೊಬ್ಬರು ವೆಟ್ಟೆಲ್ ಆಮೇಲೆ ಸೇರಿದ ಫೆರಾರಿ ತಂಡದ ಕಡೆಯವರು, 2018ರಲ್ಲಿ ಹಾಕನ್‌ಹೈಮ್‌ನಲ್ಲಿ ಮುಂದಿದ್ದವನು ಮಳೆಯಲ್ಲಿ ಜಾರಿ ಗೋಡೆಗೆ ಗುದ್ದಿದ ಕತೆ ತೆಗೆದು ಕಣ್ಣು ಒರೆಸಿಕೊಂಡರು. ಕೊನೆಗೆ ಬಾಯಿ ಮುಚ್ಚಿಸಿದ್ದು ಒಳಗಿನಿಂದ ದೋಸೆ ತಂದ ಅತ್ತೆ. "ಹೊರಟವರಿಗೆ ಏನು ಹೇಳ್ತಾರೆ? ಹೋಗಿ ಬಾ ಅಂತ ಹಾಕಿ." ಅಷ್ಟೇ. ಎದೆ ಮೇಲೆ "ಹೋಗಿ ಬಾ ಸೆಬ್", ಕೆಳಗೆ ಜರ್ಮನ್ ಬಾವುಟದ ಪಟ್ಟಿ ಇರುವ ಬಿಳಿ ಹೆಲ್ಮೆಟ್ಟು. ಬೆನ್ನಿಗೆ "ವೆಟ್ಟೆಲ್", ಅವನ ಕಾರಿನ ನಂಬರು 5.

ಈಗ ಅಂಗಡಿಗೆ ಬರೋಣ. ಕೌಂಟರಿನಲ್ಲಿದ್ದ ಕಾಕಾ ಮೊದಲು ಕೇಳಿದ್ದು ಎಷ್ಟು ಪೀಸು ಅಂತ. ಹನ್ನೆರಡು ಅಂದ ಕೂಡಲೇ ಸ್ಕ್ರೀನ್ ಪ್ರಿಂಟಿಂಗ್ ಮರೆತುಬಿಡಿ ಅಂದರು. ಒಂದೊಂದು ಬಣ್ಣಕ್ಕೆ ಒಂದೊಂದು ಸ್ಕ್ರೀನ್ ಬೇಕು, ನೂರು ಪೀಸಾದರೆ ಅಗ್ಗ, ಹನ್ನೆರಡಕ್ಕೆ ದಂಡ. ಸಬ್ಲಿಮೇಶನ್, ಅಂದರೆ ಬಿಸಿಗೆ ಬಣ್ಣ ಆವಿಯಾಗಿ ಬಟ್ಟೆಗೆ ಇಳಿಯುವ ಅಚ್ಚು, ಹತ್ತಿಗೆ ಹಿಡಿಯುವುದಿಲ್ಲ, ಪಾಲಿಯೆಸ್ಟರಿಗೆ ಮಾತ್ರ, ಅದೂ ತಿಳಿ ಬಣ್ಣಕ್ಕೆ. ನಮಗೆ ಗಾಢ ಬಣ್ಣದ ಹತ್ತಿ ಬೇಕಿತ್ತು. ಆದ್ದರಿಂದ ಮುಂದಿನ ಚಿತ್ರಕ್ಕೆ ಡಿಟಿಎಫ್, ಅಂದರೆ ಫಿಲ್ಮಿನ ಮೇಲೆ ಅಚ್ಚು ಹಾಕಿ, ಅಂಟಿನ ಪುಡಿ ಉದುರಿಸಿ, ಬಿಸಿ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುವುದು. ಬೆನ್ನಿನ ಹೆಸರು, ನಂಬರು ವಿನೈಲ್ ಕತ್ತರಿಸಿ ಅಂಟಿಸುವುದು, ಜೆರ್ಸಿಗೆ ಮಾಡುವ ಹಾಗೆ. ಹೆಚ್ಚು ದುಡ್ಡಿನ ಕೆಲಸ ತಲೆಗೆ ಕಟ್ಟಬಹುದಿತ್ತು, ಕಟ್ಟಲಿಲ್ಲ. ಇದಕ್ಕೆ ಪೂರ್ತಿ ಅಂಕ.

ಬಣ್ಣದಲ್ಲೂ, ಅವನು ಓಡಿಸಿದ ತಂಡಗಳ ಪ್ರಕಾರ, ನಮ್ಮಲ್ಲಿ ಮೂರು ಪಕ್ಷ ಇತ್ತು. ರೆಡ್ ಬುಲ್ ನೀಲಿ, ಫೆರಾರಿ ಕೆಂಪು, ಆಸ್ಟನ್ ಮಾರ್ಟಿನ್ ಹಸಿರು. ಹನ್ನೆರಡು ಜನರ ಅಳತೆಗೂ ಸಿಕ್ಕಿದ್ದು ಬಾಟಲ್ ಗ್ರೀನ್ ಒಂದೇ. ದೇವರೇ ತೀರ್ಮಾನ ಮಾಡಿದ. 180 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಹತ್ತಿ, ಆಗ ಒಂದಕ್ಕೆ 380 ರೂಪಾಯಿ ಇತ್ತು. ಬಟ್ಟೆ ನಿಜಕ್ಕೂ ಚೆನ್ನಾಗಿದೆ.

ಎಡವಟ್ಟು ಆದದ್ದು ಬೆನ್ನಿನಲ್ಲಿ. ನಾನು ಫೋನಿನಲ್ಲಿ ಟೈಪ್ ಮಾಡಿ ಕಳಿಸಿದ್ದೆ. ಅವರ ಕಂಪ್ಯೂಟರಿನಲ್ಲಿದ್ದ ಹಳೇ ಡಿಸೈನ್ ಸಾಫ್ಟ್‌ವೇರಿಗೆ ಕನ್ನಡದ ಒತ್ತು ಗೊತ್ತಿಲ್ಲ. ಎದೆ ಮೇಲಿನ ಬರಹವನ್ನು ತಂಗಿ ಮಗಳು ಚಿತ್ರವಾಗಿ ಮಾಡಿ ಕೊಟ್ಟಿದ್ದರಿಂದ ಅದು ಬಚಾವು. ಬೆನ್ನಿನ ಮೇಲೆ "ವೆಟ್‌ಟೆಲ್" ಅಂತ ಬಂತು. ಅರ್ಧಾಕ್ಷರ ಬಾಲ ಎತ್ತಿಕೊಂಡು ನಿಂತಿದೆ, ಪಕ್ಕದಲ್ಲಿ ಇನ್ನೊಂದು ಟೆ ಬೇರೆ ಮನೆ ಮಾಡಿಕೊಂಡಿದೆ. ಅತ್ತೆ ನೋಡಿ "ಇದು ಯಾವ ಹೋಟೆಲ್?" ಅಂದರು. ನನ್ನ ತಪ್ಪೂ ಇದೆ, ಒಪ್ಪಿಕೊಳ್ಳುತ್ತೇನೆ. ಅವರು ಸ್ಯಾಂಪಲ್ ಫೋಟೋ ಕಳಿಸಿದಾಗ ನಾನು ಸಂಜೆಯ ಡೊಂಬಿವಿಲಿ ಫಾಸ್ಟ್ ಲೋಕಲಿನಲ್ಲಿ ಒಂದು ಕಾಲಿನ ಮೇಲೆ ನಿಂತಿದ್ದೆ, ಒಂದೇ ಕೈಯಲ್ಲಿ ಓಕೆ ಅಂತ ಒತ್ತಿಬಿಟ್ಟೆ.

ವಾಪಸ್ ಒಯ್ದಾಗ ಮೊದಲು ಸ್ವಲ್ಪ ಕೊಂಯ್ ಕೊಂಯ್ ಆಯಿತು. "ಆಪ್‌ನೇ ಹೀ ತೋ ಓಕೆ ಬೋಲಾ ಥಾ." ಸರಿ, ಬೋಲಾ ಥಾ. ಆದರೆ ಇಬ್ಬರ ತಪ್ಪೂ ಇದೆ ಅಂದ ಮೇಲೆ ಕಾಕಾ ಒಪ್ಪಿದರು. ವಿನೈಲಿನ ಖರ್ಚು ಮಾತ್ರ ತೆಗೆದುಕೊಂಡು, ಬಿಸಿ ಕೊಟ್ಟು ಹಳೇ ಹೆಸರು ಕಿತ್ತು ಹೊಸದು ಅಂಟಿಸಿದರು. ಹನ್ನೊಂದು ಶರ್ಟು ಸರಿಹೋದವು, ಬೆಳಕಿಗೆ ಹಿಡಿದರೆ ಹಳೇ ಅಕ್ಷರದ ನೆರಳು ಕಾಣುತ್ತದೆ ಅಷ್ಟೇ. ಹನ್ನೆರಡನೆಯದರಲ್ಲಿ ಪ್ರೆಸ್ಸಿನ ಬಿಸಿ ಜಾಸ್ತಿ ಆಗಿ ಬಟ್ಟೆ ಚೌಕಾಕಾರವಾಗಿ ಮಿಂಚುತ್ತಿದೆ. ಅದು ನನ್ನ ಪಾಲಿಗೆ ಬಂತು. ನ್ಯಾಯವೇ.

ನೀವು ಮಾಡಿಸುವುದಾದರೆ ಕನ್ನಡವನ್ನು ಅಕ್ಷರವಾಗಿ ಕಳಿಸಬೇಡಿ. ಗೊತ್ತಿದ್ದವರ ಹತ್ತಿರ ಕರ್ವ್ ಮಾಡಿಸಿ, ಅಂದರೆ ಅಕ್ಷರವನ್ನು ಗೆರೆಯ ಚಿತ್ರವಾಗಿ ಬದಲಿಸಿ, ಪಿಡಿಎಫ್ ಕೊಡಿ. ಇನ್ನೊಂದು, ಪ್ರತಿ ಶರ್ಟಿಗೂ ಒಂದು ಪ್ಲಾಸ್ಟಿಕ್ ಕವರು ಹಾಕಿದ್ದರು. ಸಿಲ್ವರ್‌ಸ್ಟೋನ್‌ನಲ್ಲಿ ರೇಸು ಮುಗಿದ ಮೇಲೆ ಪ್ರೇಕ್ಷಕರ ಗ್ಯಾಲರಿಗೆ ಹೋಗಿ ಕಸ ಹೆಕ್ಕಿದವನ ಶರ್ಟು ಅದು! ಎಲ್ಲ ಬಿಚ್ಚಿ ವಾಪಸ್ ಕೊಟ್ಟೆ. ಕಾಕಾ ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ.

ನವೆಂಬರ್ 20ರ ಭಾನುವಾರ ಹನ್ನೆರಡೂ ಶರ್ಟು ಭಾವನ ಮನೆಯಲ್ಲಿ ಸೇರಿದವು. ಮಧ್ಯಾಹ್ನ ಸೂರ್ಯಕುಮಾರ್ ಯಾದವ್ ನ್ಯೂಜಿಲೆಂಡಿನಲ್ಲಿ 51 ಚೆಂಡಿಗೆ 111 ಹೊಡೆದಿದ್ದ, ರಾತ್ರಿ ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ಶುರು, ನಡುವೆ ಆರೂವರೆಗೆ ಅಬುಧಾಬಿಯಲ್ಲಿ ವೆಟ್ಟೆಲ್‌ನ ಕೊನೆಯ ರೇಸು. 2010ರಲ್ಲಿ 23ರ ಹುಡುಗ ಮೊದಲ ಸಲ ಚಾಂಪಿಯನ್ ಆದ ಅದೇ ಟ್ರ್ಯಾಕು. ಒಂಬತ್ತನೆಯವನಾಗಿ ಹೊರಟ, ಟೈರು ಬದಲಿಸಲು ತಡ ಮಾಡಿದರು ಅಂತ ನಾವು ತಂಡಕ್ಕೆ ಬೈದದ್ದೇ ಬೈದದ್ದು, ಹತ್ತನೆಯವನಾಗಿ ಮುಗಿಸಿದ. ಒಂದು ಪಾಯಿಂಟು. 53 ರೇಸು ಗೆದ್ದವನ ಕೊನೆಯ ಒಂದು ಪಾಯಿಂಟಿಗೆ ಆ ಮನೆಯಲ್ಲಿ ಎದ್ದ ಕೂಗಿಗೆ ಕೆಳಗಿನ ಮನೆಯವರು ಬಂದು ಬೆಲ್ ಒತ್ತಿದರು. ಆಮೇಲೆ ಅವನು ಮತ್ತೆ ಕಾರು ಬುಗುರಿ ಆಡಿಸಿದ. ದುಡ್ಡು ಕೊಡುವುದಿಲ್ಲ ಅಂದಿದ್ದ ವೆಬ್ಬರ್ ಅಭಿಮಾನಿ ಬಾಲ್ಕನಿಗೆ ಹೋಗಿ ತುಂಬಾ ಹೊತ್ತು ನಿಂತಿದ್ದ, ಮೈಮೇಲೆ ಹಸಿರು ಶರ್ಟು.

ಎಂಟು ತಿಂಗಳಾಯಿತು. ಡಿಟಿಎಫ್ ಚಿತ್ರ ಒಂದೂ ಬಿರುಕು ಬಿಟ್ಟಿಲ್ಲ, ಒಳಮುಖ ಮಾಡಿ ತಣ್ಣೀರಲ್ಲಿ ಒಗೆಯುತ್ತೇವೆ. ವಿನೈಲಿನ 5 ಮಾತ್ರ ಎರಡು ಶರ್ಟಿನಲ್ಲಿ ಮೂಲೆ ಎತ್ತಿದೆ. ಈ ಮಳೆಯಲ್ಲಿ ಶರ್ಟು ಒಣಗಲು ಎರಡು ದಿನ ಬೇಕು, ಅದು ಅಂಗಡಿಯ ತಪ್ಪಲ್ಲ. ಐದಕ್ಕೆ ಮೂರೂವರೆ ಕೊಡುತ್ತೇನೆ. ಭಾವ ನಾಲ್ಕು ಅನ್ನುತ್ತಾನೆ. ಅವನ ಹೊಟ್ಟೆಯುರಿ ಈಗ ಬೇರೆ ಕಡೆ ತಿರುಗಿದೆ: ಆಸ್ಟನ್ ಮಾರ್ಟಿನ್‌ನಲ್ಲಿ ವೆಟ್ಟೆಲ್ ಬಿಟ್ಟ ಸೀಟಿನಲ್ಲಿ ಕೂತು ಸ್ಪೇನಿನ ಚಾಲಕ ಅಲೊನ್ಸೊ 2023ರ ಮೊದಲ ಮೂರು ರೇಸಿನಲ್ಲೂ ಮೂರನೇ ಸ್ಥಾನ ತಂದ. ಒಂದು ವರ್ಷ ತಡೆದಿದ್ದರೆ, ಅಂತ ಭಾವ ಪ್ರತಿ ರೇಸಿನ ದಿನವೂ ಶುರು ಮಾಡುತ್ತಾನೆ. ಅಲೊನ್ಸೊ ನಿಲ್ಲಿಸುವಾಗಲೂ ಶರ್ಟು ಇಲ್ಲೇ ಮಾಡಿಸೋಣ ಅಂತ ಮಾತಾಗಿದೆ. ಅವನ ಹೆಸರಲ್ಲೂ ಒತ್ತು ಇದೆ ಅಂತ ಕಾಕಾಗೆ ಈಗಲೇ ಹೇಳಿಟ್ಟಿದ್ದೇನೆ.