ಚಳಿಯಲ್ಲಿ ಟರ್ಬೊ: ಕುಂದಾದ್ರಿಯ ಏರಿನಲ್ಲಿ ಪೆಟ್ರೋಲ್ ಮತ್ತು ಡೀಸೆಲ್

ಚಳಿಗಾಲದ ಬೆಳಗ್ಗೆ ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಇರುವ ಕಾರಿನ ಪಿಕಪ್ ಚೆನ್ನಾಗಿರುತ್ತದೆ ಎಂದು ತೀರ್ಥಹಳ್ಳಿ ಕಡೆ ಗಾಡಿ ಓಡಿಸುವವರು ಹೇಳುವುದುಂಟು. ಆಗ ಹೆಚ್ಚುವುದು ಟರ್ಬೊದ ಒತ್ತಡವೇ, ಬೇರೇನಾದರೂ ಇದೆಯೇ ಎಂದು ನೋಡಲು ನಮ್ಮ ಮನೆಯ 1.5 ಲೀಟರ್ ಡೀಸೆಲ್ ಕಾರನ್ನೂ ಭಾವನವರ 1 ಲೀಟರ್ ಟರ್ಬೊ ಪೆಟ್ರೋಲ್ ಕಾರನ್ನೂ ಹತ್ತಿರದ ಕುಂದಾದ್ರಿ ಬೆಟ್ಟದ ಏರಿನಲ್ಲಿ ಡಿಸೆಂಬರ್‌ನ ಬೆಳಗಿನ ಆರೂವರೆಗೆ ಒಮ್ಮೆ, ಏಪ್ರಿಲ್‌ನ ಮಧ್ಯಾಹ್ನ ಎರಡಕ್ಕೆ ಮತ್ತೊಮ್ಮೆ ಹತ್ತಿಸಿದೆ. ಪ್ರತಿ ಸಲವೂ ನಾವಿಬ್ಬರೇ ಇದ್ದೆವು, ಎಸಿ ಹಾಕಿರಲಿಲ್ಲ. ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದಲು ಇರುವ ಓಬಿಡಿ ಪೋರ್ಟಿಗೆ ಸಿಕ್ಕಿಸಿದ ರೀಡರ್‌ನಿಂದ ಮೊಬೈಲಿಗೆ ಬರುತ್ತಿದ್ದ ಅಂಕಿಗಳನ್ನು ಭಾವ ಬರೆದುಕೊಂಡರು.

ಈ ರೀಡರ್ ತೋರಿಸುವುದು ಎಂಜಿನ್ನಿಗೆ ಗಾಳಿ ಹೋಗುವ ದಾರಿಯಾದ ಇನ್‌ಟೇಕ್‌ನ ಒಟ್ಟು ಒತ್ತಡವನ್ನು. ಸಮುದ್ರಮಟ್ಟದಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್ ಇರುವ ವಾತಾವರಣದ ಒತ್ತಡ ಗುಡ್ಡದ ಬುಡದಲ್ಲಿ ಸುಮಾರು 94 ಇರುತ್ತದೆ. ಅದನ್ನು ಕಳೆದು ಉಳಿಯುವುದೇ ಟರ್ಬೊ ತುಂಬಿದ ಬೂಸ್ಟ್.

ಪೆಟ್ರೋಲ್ ಕಾರು ಡಿಸೆಂಬರ್‌ನಲ್ಲಿ ಗರಿಷ್ಠ 190 ತೋರಿಸಿತು, ಏಪ್ರಿಲ್‌ನಲ್ಲಿ 189. ಬೂಸ್ಟ್ ಬದಲಾಗಲೇ ಇಲ್ಲ ಎನ್ನಬೇಕು. ಹಳೆಯ, ಬರಿಯ ಸ್ಪ್ರಿಂಗ್ ಬಲದಿಂದ ನಡೆಯುವ ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಬಿಡುವ ಕವಾಟ) ಇದ್ದ ಗಾಡಿಗಳಲ್ಲಿ ಚಳಿಗೆ ಒತ್ತಡ ಕೊಂಚ ಮೇಲೇರುವುದುಂಟು. ಈಗಿನ ಕಾರುಗಳಲ್ಲಿ ಎಷ್ಟು ಒತ್ತಡ ಬೇಕೆಂಬುದನ್ನು ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯು ನಿರ್ಧರಿಸಿ, ಹೆಚ್ಚಾದ ಹೊಗೆಯನ್ನು ವೇಸ್ಟ್‌ಗೇಟ್ ಮೂಲಕ ಟರ್ಬೊದ ಚಕ್ರ (ಟರ್ಬೈನ್) ಮುಟ್ಟದಂತೆ ಬಿಟ್ಟುಬಿಡುತ್ತದೆ. ಬದಲಾದದ್ದು ಟರ್ಬೊ ಒತ್ತಿದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ದಾಟಿ ಬರುವ ಗಾಳಿಯ ಬಿಸಿ: ಡಿಸೆಂಬರ್‌ನಲ್ಲಿ 28 ಡಿಗ್ರಿ, ಏಪ್ರಿಲ್‌ನಲ್ಲಿ 50. ಒತ್ತಡ ಒಂದೇ ಆದರೂ ತಣ್ಣನೆಯ ಗಾಳಿ ದಟ್ಟವಾಗಿರುವುದರಿಂದ ಸಿಲಿಂಡರಿಗೆ ಶೇಕಡಾ 7ರಷ್ಟು ಹೆಚ್ಚು ಗಾಳಿ ಸೇರುತ್ತದೆ, ಆ ಗಾಳಿಗೆ ತಕ್ಕಷ್ಟು ಪೆಟ್ರೋಲೂ ಸೇರುತ್ತದೆ. ಸೆಕೆಯಲ್ಲಿ ಇನ್ನೊಂದು ನಷ್ಟವೂ ಇದೆ; ಬಿಸಿ ಗಾಳಿಗೆ ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಎಂಜಿನ್ ನಾಕಿಂಗ್ ಹೊಡೆಯದಿರಲೆಂದು ಇಸಿಯು ಕಿಡಿ ಹಾರುವುದನ್ನು ಕೊಂಚ ತಡಮಾಡುತ್ತದೆ. ತುದಿಗಿಂತ ಮೊದಲಿನ ಕಡಿದಾದ ತಿರುವನ್ನು ಡಿಸೆಂಬರ್‌ನಲ್ಲಿ ಎರಡನೇ ಗೇರಿನಲ್ಲೇ ಹತ್ತಿದ ಕಾರು ಏಪ್ರಿಲ್‌ನಲ್ಲಿ ಮೊದಲ ಗೇರು ಕೇಳಿತು.

ಡೀಸೆಲ್ ಕಾರಿನ ಗರಿಷ್ಠ ಅಂಕಿ ಎರಡೂ ಸಲ 220ರ ಆಸುಪಾಸಿನಲ್ಲಿತ್ತು, ಓಡಿಸುವಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಡೀಸೆಲ್ ಎಂಜಿನ್ ಯಾವಾಗಲೂ ಅಗತ್ಯಕ್ಕಿಂತ ಹೆಚ್ಚು ಗಾಳಿಯಲ್ಲೇ ಉರಿಯುವುದರಿಂದ, ಚಳಿಯಲ್ಲಿ ಸೇರಿದ ಹೆಚ್ಚುವರಿ ಗಾಳಿ ತಾನಾಗಿ ಶಕ್ತಿಯಾಗುವುದಿಲ್ಲ. ಶಕ್ತಿಯನ್ನು ಅಳೆದುಕೊಡುವುದು ಇಂಜೆಕ್ಟರ್ ಸಿಂಪಡಿಸುವ ಡೀಸೆಲ್. ಚಳಿಯಲ್ಲಿ ಡೀಸೆಲ್ ಎಂಜಿನ್ನಿಗಿರುವ ತೊಡಕು ಬೇರೆ. ಪೆಟ್ರೋಲ್ ಎಂಜಿನ್ ನಾಲ್ಕು ಕಿಲೋಮೀಟರಿನೊಳಗೆ ಬಿಸಿಯಾದರೆ ಡೀಸೆಲ್‌ಗೆ ಎಂಟಾದರೂ ಬೇಕಾಯಿತು, ಅಲ್ಲಿಯವರೆಗೆ ಆಕ್ಸಿಲರೇಟರ್ ಒತ್ತಿದರೂ ಒತ್ತಡ ಪೂರ್ಣ ಏರಲಿಲ್ಲ. ಆಗ ಒತ್ತಾಯ ಮಾಡಲೂಬಾರದು, ಏಕೆಂದರೆ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತಬಲ್ಲ ಟರ್ಬೊ ದಂಡವನ್ನು ಕಾಯುವುದು ಆಯಿಲ್‌ನ ತೆಳು ಪದರ, ತಣ್ಣಗಿರುವ ಆಯಿಲ್ ಮಂದವಾಗಿರುತ್ತದೆ.

ಜನವರಿಯ ಒಂದು ಬೆಳಗ್ಗೆ ಇದೇ ಡೀಸೆಲ್ ಕಾರು ಎಂಜಿನ್ ಬಿಸಿಯಾದ ಮೇಲೂ 160 ದಾಟಲಿಲ್ಲ, ಏರಿನಲ್ಲಿ ಸುಯ್ ಎಂಬ ಸದ್ದು ಬೇರೆ. ಚಳಿಗೆ ಹೀಗಾಗಿರಬಹುದೆಂದು ಎರಡು ದಿನ ಹಾಗೇ ಓಡಿಸಿದೆ. ಬಾನೆಟ್ ಎತ್ತಿ ನೋಡಿದಾಗ ಇಂಟರ್‌ಕೂಲರ್ ಹೋಸ್ ಸೇರುವಲ್ಲಿ ಜಿಡ್ಡಿನ ಒಂದು ಉಂಗುರ, ಅದಕ್ಕೆ ಅಂಟಿಕೊಂಡ ನಮ್ಮ ಕೆಮ್ಮಣ್ಣಿನ ಧೂಳು. ಚಳಿಗೆ ಗಡುಸಾದ ರಬ್ಬರ್ ಸಡಿಲ ಕ್ಲಾಂಪಿನೊಳಗೆ ಬೆರಳಲ್ಲೇ ತಿರುಗುತ್ತಿತ್ತು. ಕ್ಲಾಂಪ್ ಬದಲಿಸಿದ ಮೇಲೆ ಅಂಕಿ ಮತ್ತೆ 220ಕ್ಕೆ ಬಂತು.

ಬೆಳಗಿನ ಮಂಜಿನಲ್ಲಿ ಒಬ್ಬನೇ ಹೊರಡುವುದಾದರೆ ನಾನು ಭಾವನವರ ಪೆಟ್ರೋಲ್ ಕಾರನ್ನೇ ಕೇಳುತ್ತೇನೆ, ಅದು ಚಳಿಯ ಲಾಭವನ್ನು ಪೂರ್ತಿ ಪಡೆಯುತ್ತದೆ. ಏಪ್ರಿಲ್‌ನ ಬಿಸಿಲಿನಲ್ಲಿ ಐದು ಜನರನ್ನು ಕೂರಿಸಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕಾದಾಗ ಮಾತ್ರ ಡೀಸೆಲ್ ಕಾರಿನ ಕೀಲಿಯನ್ನೇ ಎತ್ತಿಕೊಳ್ಳುತ್ತೇನೆ.